ಹಗರಣ ಆದಾಗ ಗೂಬೆ ಯಾರ ಮೇಲೆ ಕೂರುತ್ತೆ? ಅಂತಾರಾಷ್ಟ್ರೀಯ ಸಂಸ್ಥೆಗಳ ಕ್ಷಮಾಪಣೆ ಬಗ್ಗೆ ಒಂದು ಚರ್ಚೆ

ನೀಲಿಶಾಯಿ (ಥ್ರೆಡ್ ಶುರು ಮಾಡಿದವರು)

ಎರಡು ವಾರದಿಂದ ಒಂದು ಹುಚ್ಚು ಹತ್ತಿದೆ. ದೊಡ್ಡ ಅಂತಾರಾಷ್ಟ್ರೀಯ ಸಂಸ್ಥೆಗಳು ಹಗರಣ ಬಯಲಾದಾಗ ಕೊಟ್ಟ ಹೇಳಿಕೆಗಳನ್ನ ಹುಡುಕಿ ಹುಡುಕಿ ಓದ್ತಾ ಇದ್ದೀನಿ. ಓದಿದಷ್ಟೂ ಒಂದೇ ರಾಗ. ತಪ್ಪು ಆಗಿರುತ್ತೆ, ಮಾಡಿದವರು ಮಾತ್ರ ಇರೋದಿಲ್ಲ.

ನನ್ನನ್ನ ಈ ದಾರಿಗೆ ಎಳೆದದ್ದು ಹೈಟಿಯ ಕಾಲರಾ. 2010ರ ಜನವರಿಯಲ್ಲಿ ಅಲ್ಲಿ ಭೂಕಂಪ ಆಯ್ತು. ಅಕ್ಟೋಬರ್‌ನಲ್ಲಿ ಕಾಲರಾ ಕಾಣಿಸಿಕೊಂಡಿತು. ಅದಕ್ಕೆ ಹಿಂದಿನ ನೂರು ವರ್ಷದಲ್ಲಿ ಆ ದೇಶದಲ್ಲಿ ಕಾಲರಾ ದಾಖಲಾದದ್ದೇ ಇಲ್ಲ. ಮಿರ್ಬಲೆ ಪಟ್ಟಣದ ಹತ್ತಿರ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರ ಇತ್ತು, ನೇಪಾಳದ ತುಕಡಿ ಆಗಷ್ಟೇ ಬಂದಿಳಿದಿತ್ತು. ಶಿಬಿರದ ಪಕ್ಕದಲ್ಲೇ ಒಂದು ತೊರೆ. ಅದು ಹೋಗಿ ಸೇರೋದು ಆರ್ತಿಬೊನೀತ್ ನದಿಗೆ, ಲಕ್ಷಾಂತರ ಜನ ಕುಡಿಯೋಕೆ, ಸ್ನಾನಕ್ಕೆ, ಬೇಸಾಯಕ್ಕೆ ಬಳಸೋ ನೀರು. ಕೊನೆಗೆ ಸುಮಾರು 8 ಲಕ್ಷ ಜನಕ್ಕೆ ಸೋಂಕು, 10 ಸಾವಿರದ ಆಸುಪಾಸು ಸಾವು.

2011ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯೇ ನೇಮಿಸಿದ ನಾಲ್ವರು ತಜ್ಞರ ವರದಿ ಬಂತು. ಅದನ್ನ ಒಮ್ಮೆ ಓದಿ ನೋಡಿ. ಶಿಬಿರದಲ್ಲಿ ಪೈಪುಗಳನ್ನ ಹೇಗೆ ಅಡ್ಡಾದಿಡ್ಡಿ ಜೋಡಿಸಿದ್ರು, ಮಲದ ನೀರನ್ನ ಸುರೀತಿದ್ದ ಗುಂಡಿಗೆ ಬೇಲಿಯೂ ಇರಲಿಲ್ಲ, ಮಳೆ ಬಂದ್ರೆ ಅದು ತುಂಬಿ ತೊರೆ ಕಡೆ ಹರಿಯೋ ಹಾಗಿತ್ತು, ರೋಗಾಣುವಿನ ತಳಿ ದಕ್ಷಿಣ ಏಷ್ಯಾದ್ದು, ಎಲ್ಲಾ ಇದೆ. ಪುಟ ಪುಟಕ್ಕೂ ಬೆರಳು ಒಂದೇ ಕಡೆ ತಿರುಗುತ್ತೆ. ಕೊನೆಗೆ ಬರುವಾಗ ಮಾತ್ರ ಹಲವು ಸಂದರ್ಭಗಳು ಕೂಡಿಬಂದು ಹೀಗಾಯ್ತು, ಇದು ಯಾವ ಗುಂಪಿನ ಅಥವಾ ವ್ಯಕ್ತಿಯ ತಪ್ಪೂ ಅಲ್ಲ ಅಂತ ಷರಾ. ಅದೇ ತಜ್ಞರು 2013ರಲ್ಲಿ ಸ್ವಂತ ಹೆಸರಲ್ಲಿ ಬರೆದಾಗ, ಶಾಂತಿಪಾಲಕರಿಂದಲೇ ಬಂದಿರೋ ಸಾಧ್ಯತೆ ಅತಿ ಹೆಚ್ಚು ಅಂತ ಹೇಳಿದ್ರು. ಲೆಟರ್‌ಹೆಡ್ ಹೋದ ಮೇಲೆ ಮಾತು ನೇರ ಆಯ್ತು.

2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಗಿನ ಸೆಕ್ರೆಟರಿ ಜನರಲ್ ಬಾನ್ ಕಿ ಮೂನ್ ಕ್ಷಮೆ ಕೇಳಿದ್ರು, ಕ್ರಿಯೋಲ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ. ಕಾಲರಾ ಹರಡಿದ ವಿಷಯದಲ್ಲಿ ನಾವು ಮಾಡಬೇಕಾದಷ್ಟು ಮಾಡಲಿಲ್ಲ ಅಂದ್ರು. ತಂದದ್ದು ನಾವು ಅನ್ನೋ ಮಾತು ಮೂರು ಭಾಷೆಯಲ್ಲೂ ಇಲ್ಲ.

ನನ್ನ ಪ್ರಶ್ನೆ ಇಷ್ಟೆ. ಇದು ಆಯಾ ಕಾಲದ ಮುಖ್ಯಸ್ಥರ ಪುಕ್ಕಲುತನವಾ, ಇಲ್ಲಾ ಈ ಸಂಸ್ಥೆಗಳನ್ನ ಕಟ್ಟಿರೋ ರೀತಿನೇ ಹೀಗಾ?

ಕಡತದಹುಳು

ಒಳಗಿನಿಂದ ಹೇಳ್ತೀನಿ. ಒಂದು ಅಂತಾರಾಷ್ಟ್ರೀಯ ನೆರವು ಸಂಸ್ಥೆಯ ಪ್ರಾದೇಶಿಕ ಕಚೇರಿಯಲ್ಲಿ ನಾಲ್ಕು ವರ್ಷ ಮಾಧ್ಯಮ ವಿಭಾಗದಲ್ಲಿದ್ದೆ. ಹೆಸರು ಬೇಡ.

ಒಮ್ಮೆ ಗೋದಾಮಿನಿಂದ ಸಾಮಗ್ರಿ ಮಾಯ ಆಯ್ತು. ಪತ್ರಕರ್ತರಿಗೆ ಸುಳಿವು ಸಿಕ್ಕಿದೆ ಅಂತ ಗೊತ್ತಾಗಿ ನನ್ನನ್ನ ಕೂರಿಸಿ ಹೇಳಿಕೆ ಬರೆಸಿದ್ರು. ನಾನು ಬರೆದದ್ದು ಮೂರೇ ಸಾಲು: ನಮ್ಮ ಗೋದಾಮಿನಿಂದ ಸಾಮಗ್ರಿ ಕಳವಾಗಿದೆ, ನಮ್ಮ ಇಬ್ಬರು ನೌಕರರನ್ನು ಅಮಾನತು ಮಾಡಿದ್ದೇವೆ, ತನಿಖೆ ನಡೆಯುತ್ತಿದೆ. ಕಾನೂನು ವಿಭಾಗದವರು 'ನಮ್ಮ ಗೋದಾಮು' ಹೊಡೆದು 'ಪಾಲುದಾರ ಸಂಸ್ಥೆ ನಿರ್ವಹಿಸುತ್ತಿರುವ ಗೋದಾಮು' ಮಾಡಿದ್ರು. ಹಣಕಾಸಿನವರಿಗೆ 'ಕಳವು' ಹಿಡಿಸಲಿಲ್ಲ, 'ದಾಸ್ತಾನಿನಲ್ಲಿ ವ್ಯತ್ಯಾಸ ಕಂಡುಬಂದಿದೆ' ಆಯ್ತು. ಸಿಬ್ಬಂದಿ ವಿಭಾಗ 'ನಮ್ಮ ನೌಕರರು' ಅನ್ನೋದನ್ನ 'ಸಂಬಂಧಪಟ್ಟ ವ್ಯಕ್ತಿಗಳು' ಮಾಡಿತು. ದಾನಿಗಳ ಜತೆ ವ್ಯವಹರಿಸೋ ವಿಭಾಗದವರು, ಇಂಥದ್ದನ್ನು ನಾವು ಕಿಂಚಿತ್ತೂ ಸಹಿಸುವುದಿಲ್ಲ ಅಂತ ಹೊಸ ಸಾಲು ಸೇರಿಸಿದ್ರು. ಹನ್ನೊಂದನೇ ಕರಡಿಗೆ ಬರೋ ಹೊತ್ತಿಗೆ ನಾನು ಬರೆದದ್ದು ಅಂತ ಉಳಿದದ್ದು ದಿನಾಂಕ ಒಂದೇ. ಅದನ್ನೂ ಶುಕ್ರವಾರ ಸಂಜೆಗೆ ತಳ್ಳಿದ್ರು.

ಗಮನಿಸಿ, ಇವರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಕಾಗದದ ಮೇಲೆ ಗೋದಾಮು ನಡೆಸ್ತಾ ಇದ್ದದ್ದು ಪಾಲುದಾರರೇ. ದಾಸ್ತಾನಿನಲ್ಲಿ ವ್ಯತ್ಯಾಸ ಇದ್ದದ್ದೂ ನಿಜ. ಪ್ರತಿಯೊಬ್ಬರೂ ತಮ್ಮ ಪಾಲಿನ ಒಂದೊಂದು ಪದ ಸರಿಮಾಡಿದ್ರು ಅಷ್ಟೆ. ತಿಪ್ಪೆ ಸಾರಿಸೋಕೆ ಅಂತ ಯಾರೂ ಪೊರಕೆ ಹಿಡಿದು ಬಂದಿರಲಿಲ್ಲ, ಆದ್ರೂ ಕೆಲಸ ಮುಗಿಯೋ ಹೊತ್ತಿಗೆ ತಿಪ್ಪೆ ಮೇಲೆ ರಂಗೋಲಿ ಇತ್ತು.

ನನ್ನ ತಲೇಲಿ ಇವತ್ತಿಗೂ ಕೂತಿರೋದು ಇನ್ನೊಂದು ಕಾಗದ. ಹೇಳಿಕೆ ಹೊರಬೀಳೋ ಮುಂಚೆ ಯಾರಿಗೆಲ್ಲ ಫೋನ್ ಮಾಡಿ ತಿಳಿಸಬೇಕು ಅನ್ನೋ ಪಟ್ಟಿ. ಹದಿನಾರು ಹೆಸರು. ಎಲ್ಲಾ ದುಡ್ಡು ಕೊಡೋ ಸರ್ಕಾರಗಳು, ಫೌಂಡೇಶನ್‌ಗಳು, ಪ್ರಧಾನ ಕಚೇರಿ. ಆ ಸಾಮಗ್ರಿಗೆ ಕಾಯ್ತಾ ಇದ್ದ ಶಿಬಿರದ ಒಬ್ಬರ ಹೆಸರೂ ಅದರಲ್ಲಿ ಇರಲಿಲ್ಲ. ಹಾಗಾಗಿ ಹೇಳಿಕೇಲಿ ಏನಿದೆ ಅಂತ ನೋಡೋ ಮುಂಚೆ, ಅದು ಯಾರಿಗೆ ಬರೆದದ್ದು ಅಂತ ನಾನು ನೋಡ್ತೀನಿ.

ಎದುರುಮಾತು

ಎಲ್ಲರೂ ಸಂಸ್ಥೆಗಳನ್ನ ಬೈಯೋದೇ ಆಯ್ತು. ಇನ್ನೊಂದು ಮಗ್ಗುಲು ನೋಡಿ. ಈ ಸಂಸ್ಥೆಗಳನ್ನ ಸದಸ್ಯ ರಾಷ್ಟ್ರಗಳು ಇಟ್ಟುಕೊಂಡಿರೋದೇ ಗೂಬೆ ಕೂರಿಸೋಕೆ ಒಂದು ಕೊಂಬೆ ಬೇಕು ಅಂತ.

ರುವಾಂಡಾ ತಗೊಳ್ಳಿ. 1994ರ ಜನವರಿ 11ರಂದು ಅಲ್ಲಿದ್ದ ವಿಶ್ವಸಂಸ್ಥೆ ಪಡೆಯ ಕಮಾಂಡರ್ ರೊಮಿಯೋ ದಲೇರ್ ನ್ಯೂಯಾರ್ಕಿಗೆ ಫ್ಯಾಕ್ಸ್ ಕಳಿಸಿದ್ರು: ಆಯುಧ ಬಚ್ಚಿಟ್ಟಿದ್ದಾರೆ, ಟುಟ್ಸಿ ಸಮುದಾಯದವರ ಪಟ್ಟಿ ಮಾಡ್ತಿದ್ದಾರೆ, ನಾವು ದಾಳಿ ಮಾಡ್ತೀವಿ ಅಂತ. ಬೇಡ ಅಂತ ಉತ್ತರ ಬಂತು. ಅದು ವಿಶ್ವಸಂಸ್ಥೆಯ ಕಚೇರಿಯ ತಪ್ಪು, ಒಪ್ಪಿದೆ. ಆದ್ರೆ ಏಪ್ರಿಲ್‌ನಲ್ಲಿ ಟುಟ್ಸಿಗಳ ನರಮೇಧ ಶುರುವಾದ ಎರಡೇ ವಾರಕ್ಕೆ, ಸುಮಾರು 2,500 ಇದ್ದ ಪಡೆಯನ್ನ 270ಕ್ಕೆ ಇಳಿಸಿ ಅಂತ ತೀರ್ಮಾನ ಮಾಡಿದ್ದು ಯಾರು? ಭದ್ರತಾ ಮಂಡಳಿ. ಅಂದ್ರೆ ಹೆಸರು, ಬಾವುಟ, ರಾಯಭಾರಿ ಇರೋ ದೇಶಗಳು. ಇವತ್ತು ಕೇಳಿದ್ರೆ ಎಲ್ಲರ ಬಾಯಲ್ಲೂ 'ವಿಶ್ವಸಂಸ್ಥೆ ಸೋತಿತು'. ಕೈ ಎತ್ತಿ ಮತ ಹಾಕಿದವರು ಎಲ್ಲಿಗೆ ಹೋದ್ರು?

ನ್ಯೂಯಾರ್ಕಿನ ಆ ಕಟ್ಟಡದಲ್ಲಿ ಒಂದು ಹಳೇ ಜೋಕ್ ಇದೆ. ಎಸ್‌ಜಿ ಅಂದ್ರೆ ಸೆಕ್ರೆಟರಿ ಜನರಲ್ ಅಲ್ಲ, ಸ್ಕೇಪ್‌ಗೋಟ್ ಅಂತ. ಹರಕೆಯ ಕುರಿಗೆ ಸಂಬಳ ಕೊಟ್ಟು ಇಟ್ಟುಕೊಂಡಿರೋದು.

ನೀಲಿಶಾಯಿ

ಎದುರುಮಾತು ಅವರೇ, ಒಪ್ತೀನಿ, ಅರ್ಧ. ಹೈಟಿ ಶಿಬಿರದ ಪೈಪು ಜೋಡಿಸಿದ್ದು ಭದ್ರತಾ ಮಂಡಳಿ ಅಲ್ಲವಲ್ಲ.

ಕಾನೂನುಕಟ್ಟೆ

ಪೈಪಿನ ವಿಷಯಕ್ಕೇ ಬರೋಣ, ಯಾಕಂದ್ರೆ ಕಾನೂನಿನ ಗಂಟು ಇರೋದು ಅಲ್ಲೇ.

1946ರ ಒಪ್ಪಂದವೊಂದರ ಪ್ರಕಾರ ವಿಶ್ವಸಂಸ್ಥೆಯನ್ನು ಯಾವ ದೇಶದ ಕೋರ್ಟಿಗೂ ಎಳೆಯುವಂತಿಲ್ಲ. ಈ ರಕ್ಷಣೆಗೆ ಕಾರಣವೂ ಇದೆ. ಇಲ್ಲದಿದ್ದರೆ ಕೆಲಸ ಮಾಡುವ ಪ್ರತಿ ದೇಶದ ಸರ್ಕಾರವೂ ತನಗೆ ಆಗದ ಅಧಿಕಾರಿಯ ಮೇಲೆ ಕೇಸು ಜಡಿದು ಕೂರಿಸುತ್ತಿತ್ತು. ಆದರೆ ಅದೇ ಒಪ್ಪಂದದ 29ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ: ಖಾಸಗಿ ಸ್ವರೂಪದ ವ್ಯಾಜ್ಯ ಬಂದರೆ ಅದನ್ನು ಬಗೆಹರಿಸಲು ವಿಶ್ವಸಂಸ್ಥೆಯೇ ಸೂಕ್ತ ವ್ಯವಸ್ಥೆ ಮಾಡಬೇಕು. ಕೋರ್ಟಿನ ಬಾಗಿಲು ಮುಚ್ಚಿದ್ದಕ್ಕೆ ಬದಲಾಗಿ ಹಿತ್ತಿಲ ಬಾಗಿಲು ತೆಗೆದಿಡಿ ಎಂಬ ಕರಾರು.

ಹೈಟಿಯ ಸುಮಾರು 5,000 ಸಂತ್ರಸ್ತರು 2011ರ ನವೆಂಬರ್‌ನಲ್ಲಿ ಆ ಹಿತ್ತಿಲ ಬಾಗಿಲನ್ನೇ ತಟ್ಟಿದರು. ಹದಿನೈದು ತಿಂಗಳ ನಂತರ, 2013ರ ಫೆಬ್ರವರಿಯಲ್ಲಿ ಬಂದ ಉತ್ತರ: ನಿಮ್ಮ ದೂರು 'ಸ್ವೀಕಾರಾರ್ಹವಲ್ಲ', ಏಕೆಂದರೆ ಇದನ್ನು ವಿಚಾರಿಸಿದರೆ ರಾಜಕೀಯ ಮತ್ತು ನೀತಿಯ ವಿಷಯಗಳನ್ನು ಪರಿಶೀಲಿಸಬೇಕಾಗುತ್ತದೆ. ಕೊಳಚೆ ಗುಂಡಿ ನೀತಿಯ ವಿಷಯವಾಯಿತು. ಆಮೇಲೆ ಅವರು ಅಮೆರಿಕದ ಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ವಿಶ್ವಸಂಸ್ಥೆಗೆ ರಕ್ಷಣೆ ಇದೆ ಎಂದು ಎತ್ತಿಹಿಡಿಯಿತು. ಅದೇ ವರ್ಷ ವಿಶ್ವಸಂಸ್ಥೆಯೇ ನೇಮಿಸಿದ ಸ್ವತಂತ್ರ ಮಾನವ ಹಕ್ಕು ತಜ್ಞ ಫಿಲಿಪ್ ಆಲ್‌ಸ್ಟನ್, ಈ ನಿಲುವು ನೈತಿಕವಾಗಿ ಒಪ್ಪತಕ್ಕದ್ದಲ್ಲ, ಕಾನೂನಿನಲ್ಲಿ ನಿಲ್ಲತಕ್ಕದ್ದಲ್ಲ ಎಂದು ಬರೆದರು. ಕ್ಷಮೆ ಬಂದದ್ದು ಕೋರ್ಟು ಕೈಬಿಟ್ಟ ಮೇಲೆ. ವಕೀಲನಾಗಿ ನನಗೆ ಈ ಕ್ರಮ ಕಾಕತಾಳೀಯ ಅನ್ನಿಸುವುದಿಲ್ಲ.

ಇನ್ನೊಂದು ಪ್ರಕರಣ, ಜಾಮ್ ಎಂಬ ಮೀನುಗಾರ ಮತ್ತಿತರರು ಐಎಫ್‌ಸಿ ವಿರುದ್ಧ ಅಮೆರಿಕದ ಕೋರ್ಟಿನಲ್ಲಿ ಹೂಡಿದ್ದು. ಗುಜರಾತಿನ ಮುಂದ್ರಾದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಮೀನುಗಾರರು ದೂರು ಕೊಟ್ಟರು. ಐಎಫ್‌ಸಿಯ ಆಂತರಿಕ ದೂರು ವಿಭಾಗವೇ ಲೋಪ ಇದೆ ಎಂದು ಹೇಳಿದರೂ ಆಡಳಿತ ವರ್ಗ ಅದನ್ನು ಬಹುಪಾಲು ತಳ್ಳಿಹಾಕಿತು. 2019ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-1ರಲ್ಲಿ, ಇಂಥ ಸಂಸ್ಥೆಗಳಿಗೆ ಸಂಪೂರ್ಣ ರಕ್ಷಣೆ ಇಲ್ಲ ಎಂದಿತು. ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಕೆಳಗಿನ ಕೋರ್ಟುಗಳು, ದೂರಿನ ಮೂಲ ಅಮೆರಿಕದಲ್ಲಿ ನಡೆದ ವ್ಯವಹಾರದಲ್ಲಿ ಇಲ್ಲ ಎಂದು ಕೇಸನ್ನು ವಜಾ ಮಾಡಿದವು. ಬಾಗಿಲು ತೆರೆಯಿತು, ಹೊಸ್ತಿಲು ದಾಟಲಾಗಲಿಲ್ಲ.

ಚದುರಂಗಪ್ರಿಯ

ನೆರವು, ಶಾಂತಿ ಅಂತ ಕೂತಿದ್ದೀರಿ, ಆಟದ ಸಂಸ್ಥೆಗಳನ್ನ ಮರೆತ್ರಾ? ಫೀಫಾ ಮುಂದೆ ಇವರೆಲ್ಲ ಎಳೆ ಮಕ್ಕಳು.

2018 ಮತ್ತು 2022ರ ಫುಟ್‌ಬಾಲ್ ವಿಶ್ವಕಪ್ ಆತಿಥ್ಯ ಹೇಗೆ ಹಂಚಿದ್ರು ಅಂತ ತನಿಖೆ ಮಾಡಿದ್ದು ಅಮೆರಿಕದ ಮಾಜಿ ಪ್ರಾಸಿಕ್ಯೂಟರ್ ಮೈಕೆಲ್ ಗಾರ್ಸಿಯಾ. 2014ರಲ್ಲಿ ವರದಿ ಕೊಟ್ರು. ಫೀಫಾ ಅದನ್ನ ಬಿಡುಗಡೆ ಮಾಡದೆ, 42 ಪುಟದ ಸಾರಾಂಶ ಹೊರಗೆ ಬಿಟ್ಟಿತು. ಸಾರಾಂಶದಲ್ಲಿ ಎಲ್ಲಾ ಹೆಚ್ಚೂಕಮ್ಮಿ ಸರಿ ಇದೆ ಅಂತ ಇತ್ತು. ಬಂದ ಕೆಲವೇ ಗಂಟೆಯಲ್ಲಿ ಗಾರ್ಸಿಯಾ, ಇದು ಅಪೂರ್ಣ, ತಪ್ಪು ಅಂದ್ರು. ಡಿಸೆಂಬರ್‌ನಲ್ಲಿ ರಾಜೀನಾಮೆ ಎಸೆದ್ರು. ತನಿಖೆ ಮಾಡಿದವನೇ ತನಿಖಾ ಸಾರಾಂಶದ ವಿರುದ್ಧ ಮೇಲ್ಮನವಿ ಹಾಕಿದ ಕಥೆ ಇನ್ನೆಲ್ಲಾದ್ರೂ ಕೇಳಿದ್ದೀರಾ?

2015ರ ಮೇ 27ರ ಬೆಳಗಿನ ಜಾವ ಜ್ಯೂರಿಕ್‌ನ ಹೋಟೆಲಿನಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಫೀಫಾ ಅಧಿಕಾರಿಗಳ ಬಂಧನ. ಮಾರನೇ ದಿನ ಫೀಫಾ ಅಧ್ಯಕ್ಷ ಬ್ಲಾಟರ್, ಎಲ್ಲರ ಮೇಲೂ ಎಲ್ಲಾ ಹೊತ್ತೂ ಕಣ್ಣಿಡೋಕೆ ನನಗಾಗಲ್ಲ ಅಂದ್ರು. 29ಕ್ಕೆ ಮತ್ತೆ ಅಧ್ಯಕ್ಷರಾಗಿ ಆಯ್ಕೆ! ನಾಲ್ಕು ದಿನ ಬಿಟ್ಟು, ಇಳೀತೀನಿ ಅಂತ ಘೋಷಣೆ. ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ.

ಆದ್ರೆ ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿದ್ದು ಆಮೇಲಿನ ನಡೆಗೆ. 2016ರಲ್ಲಿ ಫೀಫಾ ಅಮೆರಿಕಕ್ಕೆ ಹೋಗಿ, ಈ ಭ್ರಷ್ಟರಿಂದ ಮೋಸ ಹೋದ ಸಂತ್ರಸ್ತರು ನಾವು, ಪರಿಹಾರ ಕೊಡಿಸಿ ಅಂತು. 2021ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಫೀಫಾ ಮತ್ತು ಅದರ ಕೆಳಗಿನ ಎರಡು ಖಂಡ ಒಕ್ಕೂಟಗಳಿಗೆ 20 ಕೋಟಿ ಡಾಲರಿಗೂ ಮಿಕ್ಕಿ ಕೊಡೋಕೆ ಒಪ್ಪಿತು. ಹೈಟಿಯವರಿಗೆ ಸಂತ್ರಸ್ತ ಅನ್ನಿಸ್ಕೊಳ್ಳೋಕೆ ಆರು ವರ್ಷ ಹಿಡೀತು. ಇವರಿಗೆ ಒಂದು ಅರ್ಜಿ ಸಾಕಾಯ್ತು.

ಎದುರುಮಾತು

ಕಾನೂನಿನ ಪ್ರಕಾರ ಅದು ಸರಿನೇ. ಅಧಿಕಾರಿ ಲಂಚ ತಿಂದ್ರೆ ಸಂಸ್ಥೆಗೇ ನಷ್ಟ ಅಲ್ವಾ?

ಚದುರಂಗಪ್ರಿಯ

ಮೇಲಿನ ಸಾಲಿನವರೆಲ್ಲ ಸಿಕ್ಕಿಬಿದ್ದ ಮೇಲೆ 'ಸಂಸ್ಥೆ' ಅಂತ ಉಳಿದದ್ದು ಯಾವುದು ಸ್ವಾಮಿ? ಕಟ್ಟಡವಾ?

ಮೂರನೇಸಾಲು

ನನ್ನದು ಭಾಷೆಯ ತಕರಾರು. ನೀಲಿಶಾಯಿ ಅವರು 'ತಪ್ಪು ಆಗಿರುತ್ತೆ, ಮಾಡಿದವರು ಇರೋದಿಲ್ಲ' ಅಂತ ಶುರು ಮಾಡಿದ್ರಿ. ನಾವು ಕನ್ನಡದಲ್ಲಿ ಕ್ಷಮೆ ಕೇಳೋದು ಹೇಗೆ? 'ತಪ್ಪಾಯ್ತು.' ಅದರಲ್ಲೂ ಕರ್ತೃ ಇಲ್ಲ. 'ನಾನು ತಪ್ಪು ಮಾಡಿದೆ' ಅನ್ನೋದಕ್ಕಿಂತ 'ತಪ್ಪಾಯ್ತು' ಅಂದಾಗಲೇ ಎದುರಿಗಿರೋರ ಮನಸ್ಸು ಕರಗೋದು. ಹಾಗಾಗಿ ಕರ್ತೃ ಬಿಟ್ಟ ಮಾತ್ರಕ್ಕೆ ಜಾರಿಕೊಂಡ್ರು ಅನ್ನೋಕಾಗಲ್ಲ.

ವ್ಯತ್ಯಾಸ ಎಲ್ಲಿದೆ ಅಂದ್ರೆ, 'ತಪ್ಪಾಯ್ತು' ಅನ್ನೋರು ಎದುರಿಗೆ ನಿಂತಿರ್ತಾರೆ. ವಾಕ್ಯದಲ್ಲಿ ಇಲ್ಲದ 'ನಾನು' ಕಣ್ಣ ಮುಂದೆ ಇರುತ್ತೆ. ಸಂಸ್ಥೆಯ ಹೇಳಿಕೇಲಿ ಎರಡೂ ಇರಲ್ಲ. 2007ರಲ್ಲಿ ವಿಶ್ವಬ್ಯಾಂಕ್ ಅಧ್ಯಕ್ಷ ಪಾಲ್ ವುಲ್ಫೊವಿಟ್ಸ್ ತಮ್ಮ ಗೆಳತಿಯ ಸಂಬಳ, ಬಡ್ತಿ ವಿಷಯದಲ್ಲಿ ಸಿಕ್ಕಿಕೊಂಡು ರಾಜೀನಾಮೆ ಕೊಟ್ಟರಲ್ಲ, ಆಗ ಆಡಳಿತ ಮಂಡಳಿ ಹೊರಡಿಸಿದ ಹೇಳಿಕೆ ನೋಡಿ. ಹಲವು ವ್ಯಕ್ತಿಗಳಿಂದ ಹಲವು ತಪ್ಪುಗಳು ನಡೆದಿವೆ, ಬ್ಯಾಂಕಿನ ವ್ಯವಸ್ಥೆಗಳು ತಮ್ಮ ಮೇಲೆ ಬಿದ್ದ ಒತ್ತಡವನ್ನು ತಾಳಲಿಲ್ಲ ಅಂತ ಅದರ ಧಾಟಿ. ಅಧ್ಯಕ್ಷರು ಸದುದ್ದೇಶದಿಂದ ನಡೆದುಕೊಂಡರು ಅನ್ನೋದನ್ನೂ ಒಪ್ಪಿಕೊಂಡು ಬೀಳ್ಕೊಟ್ರು. ಹಲವರು, ಹಲವು, ವ್ಯವಸ್ಥೆ. ಒಬ್ಬ ಮನುಷ್ಯ ರಾಜೀನಾಮೆ ಕೊಟ್ಟಿದ್ದಕ್ಕೆ ಆ ಪುಟದಲ್ಲಿ ಕಾರಣವೇ ಸಿಗಲ್ಲ.

ನೀಲಿಶಾಯಿ

ಮೂರನೇಸಾಲು, ಇದು ನನಗೆ ಹೊಳೆದೇ ಇರಲಿಲ್ಲ. ಇದೇ ಮಾತನ್ನ ಒಬ್ಬ ಪ್ರಧಾನಿ ಬೇರೆ ರೀತಿ ಹೇಳಿದ್ದಾರೆ.

1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸಾ ವಿಶ್ವಸಂಸ್ಥೆಯ 'ಸುರಕ್ಷಿತ ಪ್ರದೇಶ'. ಕಾವಲಿಗಿದ್ದದ್ದು ಡಚ್ (ನೆದರ್ಲೆಂಡ್ಸ್) ಸೈನಿಕರು. ಊರು ಸರ್ಬ್ ಪಡೆಗಳ ಕೈಗೆ ಬಿತ್ತು, ಸುಮಾರು 8,000 ಗಂಡಸರು, ಹುಡುಗರ ಕೊಲೆ ಆಯ್ತು. ವಾಯುದಾಳಿಯ ನೆರವು ಯಾಕೆ ಸಮಯಕ್ಕೆ ಬರಲಿಲ್ಲ ಅಂದ್ರೆ ಡಚ್ಚರು ವಿಶ್ವಸಂಸ್ಥೆ ಕಡೆ, ವಿಶ್ವಸಂಸ್ಥೆ ಸದಸ್ಯ ರಾಷ್ಟ್ರಗಳ ಕಡೆ ಕೈ ತೋರಿಸ್ತಾ ಏಳು ವರ್ಷ ಕಳೀತು. 2002ರ ಏಪ್ರಿಲ್‌ನಲ್ಲಿ ಡಚ್ ಸಂಶೋಧನಾ ಸಂಸ್ಥೆಯ ವರದಿ ಬಂದಾಗ ಪ್ರಧಾನಿ ವಿಮ್ ಕಾಕ್ ಇಡೀ ಸಂಪುಟದ ರಾಜೀನಾಮೆ ಕೊಟ್ರು. ಆಗ ಸಂಸತ್ತಿನಲ್ಲಿ ಹೇಳಿದ್ದರ ತಾತ್ಪರ್ಯ: ಅಂತಾರಾಷ್ಟ್ರೀಯ ಸಮುದಾಯಕ್ಕೆ ಹೆಸರಿಲ್ಲ, ಅದು ಸಂತ್ರಸ್ತರ ಕಣ್ಣಿಗೆ ಕಾಣುವ ಹಾಗೆ ಹೊಣೆ ಹೊರಲಾರದು, ನಾನು ಹೊರಬಲ್ಲೆ, ಹೊರುತ್ತೇನೆ.

ಇಷ್ಟು ದಿನ ಓದಿದ್ದರಲ್ಲಿ ನನ್ನನ್ನ ತಡೆದು ನಿಲ್ಲಿಸಿದ ಮಾತು ಇದೊಂದೇ.

ಎದುರುಮಾತು

ಕಣ್ಣೀರು ಒರೆಸಿಕೊಳ್ಳೋ ಮುಂಚೆ ಕ್ಯಾಲೆಂಡರ್ ನೋಡಿ. ಮೇ 15ಕ್ಕೆ ಚುನಾವಣೆ ಇತ್ತು. ಕಾಕ್ ನಿಲ್ತಾ ಇರಲಿಲ್ಲ, ಮೊದಲೇ ಹೇಳಿದ್ರು. ಒಂದು ತಿಂಗಳ ಅಧಿಕಾರ ಬಿಟ್ಟಿದ್ದು.

ಕಾನೂನುಕಟ್ಟೆ

ಹೊಣೆ ಹೊತ್ತರು ನಿಜ, ತಪ್ಪು ನಮ್ಮದು ಎಂದಿರಲಿಲ್ಲ. ಅದನ್ನು ಕೋರ್ಟು ಹೇಳಬೇಕಾಯಿತು. ವಿಶ್ವಸಂಸ್ಥೆಯ ಮೇಲಿನ ಕೇಸು ಅದೇ ಕಾನೂನು ರಕ್ಷಣೆಯ ಗೋಡೆಗೆ ಬಡಿದು ಬಿತ್ತು. ಡಚ್ ಸರ್ಕಾರದ ಮೇಲಿನದು ಉಳಿಯಿತು. 2019ರ ಜುಲೈನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಶಿಬಿರದೊಳಗಿದ್ದ ಸುಮಾರು 350 ಗಂಡಸರ ಮಟ್ಟಿಗೆ ಸರ್ಕಾರ ಶೇ 10ರಷ್ಟು ಹೊಣೆ ಎಂದಿತು. ಒಳಗೇ ಉಳಿಸಿಕೊಂಡಿದ್ದರೆ ಅವರು ಬದುಕುವ ಸಾಧ್ಯತೆ ಶೇ 10 ಇತ್ತು ಎಂಬ ಲೆಕ್ಕ. ಕ್ರೂರವಾಗಿ ಕೇಳಿಸುತ್ತದೆ. ಆದರೆ ಇಂಥ ಪ್ರಕರಣಗಳಲ್ಲಿ ಹೊಣೆಗೆ ಯಾರಾದರೂ ಒಂದು ಅಂಕಿ ಬರೆದುಕೊಟ್ಟದ್ದು ಅಪರೂಪ.

ಅರೆನಿದ್ದೆ

ತಡವಾಗಿ ಬಂದೆ, ಸಾರಿ. ದೂರು ಕೊಟ್ಟವರ ಗತಿ ಏನಾಗುತ್ತೆ ಅನ್ನೋದನ್ನ ಯಾರೂ ಎತ್ತಿಲ್ಲ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಶಾಂತಿಪಾಲಕರು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ವರದಿಯನ್ನ ಆಂಡರ್ಸ್ ಕೊಂಪಾಸ್ ಅನ್ನೋ ವಿಶ್ವಸಂಸ್ಥೆ ಅಧಿಕಾರಿ ಫ್ರಾನ್ಸಿಗೆ ಕೊಟ್ಟಿದ್ದಕ್ಕೆ ಅವರನ್ನೇ ಸಸ್ಪೆಂಡ್ ಮಾಡಿದ್ರಲ್ಲ?

ಕಾನೂನುಕಟ್ಟೆ

ಒಂದು ತಿದ್ದುಪಡಿ. ಆ ವರದಿಯಲ್ಲಿದ್ದ ಆರೋಪ ಮುಖ್ಯವಾಗಿ ಫ್ರೆಂಚ್ ಸೈನಿಕರ ಮೇಲೆ. ಅವರಿಗೆ ಭದ್ರತಾ ಮಂಡಳಿಯ ಅನುಮತಿ ಇತ್ತು, ಆದರೆ ಅವರು ವಿಶ್ವಸಂಸ್ಥೆಯ ಕಮಾಂಡಿನ ಕೆಳಗೆ ಇರಲಿಲ್ಲ. ಉಳಿದದ್ದು ಸರಿ. 2014ರಲ್ಲಿ ಕೊಟ್ಟರು, 2015ರ ಏಪ್ರಿಲ್‌ನಲ್ಲಿ ಅಮಾನತು, ಮೇ ತಿಂಗಳಲ್ಲಿ ವಿಶ್ವಸಂಸ್ಥೆಯದೇ ನ್ಯಾಯಮಂಡಳಿ ಅಮಾನತಿಗೆ ತಡೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಕೆನಡಾದ ಮಾಜಿ ನ್ಯಾಯಮೂರ್ತಿ ಮರಿ ಡೆಶಾಂಪ್ ನೇತೃತ್ವದ ಸಮಿತಿ, ಮಕ್ಕಳ ದೂರು ಮೇಜಿನಿಂದ ಮೇಜಿಗೆ ಹೋಗಿ ಎಲ್ಲೂ ನಿಲ್ಲಲಿಲ್ಲ, ಇದು ಸಂಸ್ಥೆಯ ಘೋರ ವೈಫಲ್ಯ ಎಂದಿತು. ಕೊಂಪಾಸ್ ದೋಷಮುಕ್ತರಾದರು, 2016ರಲ್ಲಿ ಬೇಸತ್ತು ಕೆಲಸ ಬಿಟ್ಟರು.

ಸೈನಿಕರ ವಿಷಯದಲ್ಲಿ ಇನ್ನೊಂದು ಗಂಟಿದೆ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿದ್ದರೂ ಅವರನ್ನು ವಿಚಾರಣೆಗೆ ಗುರಿಪಡಿಸುವ ಅಧಿಕಾರ ಅವರ ತಾಯ್ನಾಡಿಗೆ ಮಾತ್ರ. ವಿಶ್ವಸಂಸ್ಥೆ ಹೆಚ್ಚೆಂದರೆ ವಾಪಸ್ ಕಳಿಸಬಹುದು.

ಅರೆನಿದ್ದೆ

ಥ್ಯಾಂಕ್ಸ್ ಸರ್. ಅಂದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದಹಾಗಾಯ್ತು. ಸೈನಿಕರನ್ನ ಮುಟ್ಟೋಕಾಗಲ್ಲ, ಕಾಗದ ಕೊಟ್ಟವನು ಕೈಗೆ ಸಿಗ್ತಾನೆ.

ಆಕ್ಸ್‌ಫ್ಯಾಮ್ ಅನ್ನೋ ನೆರವು ಸಂಸ್ಥೆ ನೆನಪಾಯ್ತು. 2011ರಲ್ಲಿ ಹೈಟಿಯಲ್ಲಿದ್ದ ಸಿಬ್ಬಂದಿಯ ಲೈಂಗಿಕ ದುರ್ನಡತೆ ತನಿಖೆ ಆಯ್ತು. ನಾಲ್ವರನ್ನ ತೆಗೆದ್ರು, ಅಲ್ಲಿನ ನಿರ್ದೇಶಕನೂ ಸೇರಿ ಮೂವರಿಗೆ ರಾಜೀನಾಮೆ ಕೊಟ್ಟು ಹೋಗೋಕೆ ಬಿಟ್ರು. ಆಗಿನ ಪ್ರಕಟಣೇಲಿ 'ದುರ್ನಡತೆ' ಅಂತ ಇತ್ತು, ಎಂಥದ್ದು ಅಂತ ಇರಲಿಲ್ಲ. ಆ ನಿರ್ದೇಶಕನಿಗೆ ಆಮೇಲೆ ಇನ್ನೊಂದು ನೆರವು ಸಂಸ್ಥೇಲಿ ಕೆಲಸ ಸಿಕ್ತು. 2018ರಲ್ಲಿ ಪತ್ರಿಕೇಲಿ ಬಂದಾಗ ಮುಖ್ಯಸ್ಥರು, ನಾವೇನು ತೊಟ್ಟಿಲಲ್ಲಿದ್ದ ಕೂಸುಗಳನ್ನ ಕೊಂದ ಹಾಗೆ ಆಡ್ತಿದ್ದೀರಲ್ಲ ಅನ್ನೋ ಧಾಟೀಲಿ ಮಾತಾಡಿ, ಆ ಮಾತಿಗೇ ಬೇರೆ ಕ್ಷಮೆ ಕೇಳಬೇಕಾಯ್ತು. ಸುಮಾರು 7,000 ಜನ ತಿಂಗಳ ದೇಣಿಗೆ ನಿಲ್ಲಿಸಿದ್ರು.

ಕಡತದಹುಳು

ಆ 7,000 ಅನ್ನೋ ಅಂಕಿ ಎಷ್ಟು ಬೇಗ ಲೆಕ್ಕ ಸಿಕ್ತು ಗಮನಿಸಿದ್ರಾ? ದಾನಿಗಳ ಲೆಕ್ಕ ಯಾವಾಗಲೂ ಕೈಯಳತೇಲೇ ಇರುತ್ತೆ.

ದುಡ್ಡು ಕೊಡೋರು ಕೇಳಿದ್ರೆ ಇದೇ ಸಂಸ್ಥೆಗಳು ಎಷ್ಟು ಚುರುಕು ಅಂತ ನೋಡಬೇಕಾದ್ರೆ 2024ರ ಜನವರಿ ನೆನಪಿಸಿಕೊಳ್ಳಿ. ಪ್ಯಾಲೆಸ್ಟೀನ್ ನಿರಾಶ್ರಿತರ ಸಂಸ್ಥೆ ಯುಎನ್‌ಆರ್‌ಡಬ್ಲ್ಯುಎಯ 12 ನೌಕರರು 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಭಾಗಿಯಾಗಿದ್ರು ಅಂತ ಇಸ್ರೇಲ್ ಆರೋಪ ಮಾಡಿತು. ಅವರಲ್ಲಿ ಹೆಚ್ಚಿನವರನ್ನ ವಿಚಾರಣೆಗೆ ಕಾಯದೆ ತಕ್ಷಣ ವಜಾ. ಅದರ ಆಗಿನ ಮುಖ್ಯಸ್ಥ ಲಾಝರೀನಿಯವರೇ, ಕ್ರಮವನ್ನ ತಿರುವುಮುರುವು ಮಾಡಿದೆ, ಮೊದಲು ವಜಾ, ಆಮೇಲೆ ತನಿಖೆ ಅಂತ ಒಪ್ಪಿಕೊಂಡ್ರು. ಅಷ್ಟು ಮಾಡಿದ್ರೂ ಅಮೆರಿಕ ಸೇರಿ ಹಲವು ದೇಶಗಳು ಹಣ ತಡೆಹಿಡಿದ್ವು. ಆಗಸ್ಟ್‌ನಲ್ಲಿ ತನಿಖೆ ಮುಗಿದಾಗ, ಅಷ್ಟರಲ್ಲಿ ಆರೋಪಕ್ಕೆ ಒಳಗಾಗಿದ್ದ ಒಟ್ಟು 19 ಜನರ ಪೈಕಿ 9 ಜನ ಭಾಗಿಯಾಗಿದ್ದಿರಬಹುದು ಅಂತ ಬಂತು. ಆರೋಪ ಸರಿಯೋ ತಪ್ಪೋ ಅದು ಬೇರೆ ಮಾತು. ಒಂದು ಕಡೆ ಆರು ವರ್ಷ, ಇನ್ನೊಂದು ಕಡೆ ಕೆಲವೇ ದಿನ. ಎರಡರ ಮಧ್ಯೆ ಇರೋದು ನನ್ನ ಹದಿನಾರು ಹೆಸರಿನ ಪಟ್ಟಿ.

ನಿರ್ವಾಹಕ

ಕೊನೆಯ ಉದಾಹರಣೆ ಹಿಡಿದು ಯುದ್ಧದ ಚರ್ಚೆ ಶುರು ಮಾಡಬೇಡಿ. ಮೂರು ಕಾಮೆಂಟ್ ತೆಗೆದಿದ್ದೇನೆ.

ಅರೆನಿದ್ದೆ

ಒಂದು ಪ್ರಶ್ನೆ ಉಳೀತು. ಹೈಟಿಯವರಿಗೆ ಕೊನೆಗೆ ಏನಾದ್ರೂ ಸಿಕ್ತಾ?

ನೀಲಿಶಾಯಿ

40 ಕೋಟಿ ಡಾಲರ್ ಯೋಜನೆ ಘೋಷಿಸಿದ್ರು. ಹಣ ಸದಸ್ಯ ರಾಷ್ಟ್ರಗಳು ಮನಸ್ಸಿದ್ರೆ ಕೊಡೋದು ಅಂತ ಇಟ್ಟಿದ್ರಿಂದ ಬಂದದ್ದು ಸಣ್ಣ ಪಾಲು. ಸತ್ತವರ ಮನೆಗೆ ನೇರವಾಗಿ ದುಡ್ಡು ಕೊಡೋ ಮಾತು ಹಿಂದೆ ಸರಿದು, ಬಾಧಿತ ಊರುಗಳಲ್ಲಿ ಸಮುದಾಯ ಕಾಮಗಾರಿ ಅಂತ ಆಯ್ತು. ಎದುರುಮಾತು ಅವರೇ, ಇಲ್ಲಿ ನಿಮ್ಮ ಉಳಿದರ್ಧ ವಾದಾನೂ ಒಪ್ಕೊಂಡೆ. ಕ್ಷಮೆ ಕೇಳಿದ್ದು ಸಂಸ್ಥೆ, ಜೇಬು ಮುಚ್ಚಿದ್ದು ದೇಶಗಳು.

ಕಡತದಹುಳು ಅವರೇ, ನಿಮ್ಮ ಗೋದಾಮಿನ ಕಥೆ ಅರ್ಧಕ್ಕೆ ನಿಂತಿದೆ. ಏನು ಸಾಮಗ್ರಿ ಅದು? ಮತ್ತೆ ಸಿಕ್ತಾ?

ಕಡತದಹುಳು

ಟಾರ್ಪಾಲಿನ್. ಸಿಗಲಿಲ್ಲ, ಹೊಸದು ತರಿಸಿದ್ರು. ಬರೋ ಹೊತ್ತಿಗೆ ಮಳೆ ಮುಗಿದಿತ್ತು. ಗೋದಾಮಿನ ಬೀಗದ ಕೈ ಇಟ್ಟುಕೊಂಡಿದ್ದ ಹುಡುಗನನ್ನ ತೆಗೆದ್ರು. ಅವನ ಕೈಗೆ ಬೀಗದ ಕೈ ಕೊಡಿ ಅಂತ ಸಹಿ ಹಾಕಿದ್ದವರು ಬಡ್ತಿ ಮೇಲೆ ಬೇರೆ ದೇಶಕ್ಕೆ ಹೋದ್ರು. ಬೀಳ್ಕೊಡುಗೆ ಭಾಷಣ ಬರೆದುಕೊಟ್ಟದ್ದು ನಾನೇ. ಅದಕ್ಕೆ ಒಂದೇ ಕರಡು ಸಾಕಾಯ್ತು.